ಫೈಲಿನಲ್ಲಿದ್ದ ಮೂರು ಸಾಲು

ದೆವ್ವ, ಪವಾಡ ಇವನ್ನೆಲ್ಲ ನಾನು ನಂಬಿದವಳಲ್ಲ. ಧಾರವಾಡದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಕಲಿಸಿದ್ದು ಗ್ರಾಮರ್ ಮತ್ತು ಕಾಮನ್ ಸೆನ್ಸ್. ಆದರೂ ಇದನ್ನು ಹೇಳಿಬಿಡುತ್ತೇನೆ. ಆಮೇಲೆ ನೀವು ನನ್ನ ಬಗ್ಗೆ ಏನು ಬೇಕಾದರೂ ತಿಳಿದುಕೊಳ್ಳಿ.

ಎರಡು ಸಾವಿರದ ಐದೋ ಆರೋ ಇಸವಿ. ಪುಣೆಯ ಒಂದು ಕಾಲೇಜಿನಲ್ಲಿ ಆಫೀಸ್ ಸೂಪರಿಂಟೆಂಡೆಂಟ್ ಆಗಿದ್ದೆ. ಲೆಕ್ಚರರ್ ಕೆಲಸಕ್ಕೆ ಅರ್ಜಿ ಹಾಕಿದವರ ಡಿಗ್ರಿ ನೋಡಿ ‘ಎಲಿಜಿಬಲ್’ ಎಂದೋ ‘ನಾಟ್ ಎಲಿಜಿಬಲ್’ ಎಂದೋ ನಾನು ಬರೆಯಬೇಕು. ಕೊನೆಯ ದಿನ, ಶನಿವಾರ ಮಧ್ಯಾಹ್ನ, ಇಂದಾಪುರದಿಂದ ಎಸ್‌ಟಿ ಬಸ್ಸು ಹಿಡಿದು ನಸೀಮಾ ಎಂಬವಳು ಬಂದಳು. ತವರು ವಿಜಾಪುರ, ಟೇಬಲ್ ಮೇಲಿನ ನನ್ನ ಹೆಸರು ನೋಡಿ ಕನ್ನಡದಲ್ಲೇ ಮಾತಾಡಿದಳು. ಅವಳ ಎಂ.ಎ. ಉತ್ತರ ಭಾರತದ ಆ ಹಳೆಯ ಮುಸ್ಲಿಂ ಯೂನಿವರ್ಸಿಟಿಯದು. ಅದರ ಸ್ಟೇಟಸ್ ಬಗ್ಗೆ ಕೋರ್ಟಿನಲ್ಲಿ ತಕರಾರು ನಡೆದಿದೆ ಎಂದು ಪೇಪರಿನಲ್ಲಿ ಓದಿದ್ದೆ. ಹಾಗಾದರೆ ಈ ಡಿಗ್ರಿ ನಡೆಯುವುದಿಲ್ಲ ಎಂದೆ.

ಅವಳು ಸಾವಕಾಶವಾಗಿ ತಿಳಿಸಿ ಹೇಳಿದಳು. ಶಾಲೆಯಾಗಿ ಶುರುವಾಗಿ, ಕಾಲೇಜಾಗಿ, ಬ್ರಿಟಿಷರ ಕಾಲದಲ್ಲೇ ಕಾಯ್ದೆಯಿಂದ ಯೂನಿವರ್ಸಿಟಿ ಆದದ್ದು ಅದು. ಈಗ ಕೇಂದ್ರ ಸರ್ಕಾರದ್ದು. ತಕರಾರು ಇರುವುದು ಅದು ಮೈನಾರಿಟಿ ಸಂಸ್ಥೆಯೋ ಅಲ್ಲವೋ ಎಂಬುದಕ್ಕೆ, ಡಿಗ್ರಿಗಲ್ಲ.

“ಮನಿ ಯಾರ್ದು ಅಂತ ಅಣ್ಣತಮ್ಮರು ಕೋರ್ಟಿಗೆ ಹೋದ್ರ, ಆ ಮನ್ಯಾಗ ಹುಟ್ಟಿದ ಕೂಸು ಹುಟ್ಟೇ ಇಲ್ಲ ಅಂತೀರೇನ್ರಿ ಬಾಯಾರ?”

ಪಕ್ಕದ ಟೇಬಲ್ಲಿನ ಕ್ಲಾರ್ಕ್ ಕುಲಕರ್ಣಿ, ಅವನೂ ನಮ್ಮ ಕಡೆಯವನೇ, ನಕ್ಕುಬಿಟ್ಟ.

ಅವಳು ಹೇಳಿದ್ದು ಕರೆಕ್ಟ್. ಮಾನ್ಯತೆ ಪಡೆದ ಯೂನಿವರ್ಸಿಟಿಗಳ ಲಿಸ್ಟ್ ನನ್ನ ಡ್ರಾವರಿನಲ್ಲೇ ಇತ್ತು. ಆದರೆ ಕುಲಕರ್ಣಿ ನಕ್ಕಿದ್ದ. ಡಿಗ್ರಿ ನಡೆಯುತ್ತದೆ ಎಂದು ಇವತ್ತು ಐದು ಗಂಟೆಯೊಳಗೆ ಆ ಯೂನಿವರ್ಸಿಟಿಯಿಂದ ಲೆಟರ್ ತಗೊಂಡು ಬಾ ಎಂದೆ. ಅಲ್ಲಿಗೆ ಹೋಗುವುದಕ್ಕೇ ರೈಲಿನಲ್ಲಿ ಒಂದು ದಿನಕ್ಕೂ ಹೆಚ್ಚು ಬೇಕು. ಅವಳು ಹೋದ ಮೇಲೆ ‘ನಾಟ್ ಎಲಿಜಿಬಲ್’ ಎಂದು ಬರೆದು, ಫೈಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಪರ್ಸಿಗೆ ಹಾಕಿಕೊಂಡು ಮನೆಗೆ ಹೋದೆ. ಭಾನುವಾರ ಆರಾಮಾಗಿಯೇ ಕಳೆಯಿತು.

ಸೋಮವಾರ ಬೀಗ ತೆಗೆದವಳೂ ನಾನೇ. ಫೈಲು ಪ್ರಿನ್ಸಿಪಾಲರ ಟೇಬಲ್ಲಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಅವರು ನನ್ನನ್ನು ಕರೆದು ಹಾಳೆ ತೋರಿಸಿದರು. ನಾನು ಬರೆದದ್ದರ ಕೆಳಗೆ ಇಂಗ್ಲಿಷಿನಲ್ಲಿ ಮೂರು ಸಾಲು. ಈಕೆ ಎಲಿಜಿಬಲ್. ಇದು ಸೆಂಟ್ರಲ್ ಯೂನಿವರ್ಸಿಟಿ. ಗೊತ್ತಿದ್ದೂ ತಪ್ಪು ಬರೆದೆ. ಅದರಡಿ ನನ್ನ ಇನಿಷಿಯಲ್ಸ್. ಸಿಸ್ಟರ್ ಬೆರಳ ಗೆಣ್ಣಿಗೆ ಹೊಡೆದು ಕಲಿಸಿದ ನನ್ನದೇ ಕರ್ಸಿವ್, ನನ್ನದೇ ಇಂಕು. ನಾನು ಬರೆದಿರಲಿಲ್ಲ.

ನನ್ನದೇ ಎಂದಿದ್ದರೆ ಅವಳಿಗೆ ಇಂಟರ್‌ವ್ಯೂ ಸಿಗುತ್ತಿತ್ತು. ಯಾರೋ ನನ್ನ ಅಕ್ಷರ ಕಾಪಿ ಮಾಡಿದ್ದಾರೆ, ಫೋರ್ಜರಿ ಎಂದೆ. ಹಾಗಾದರೆ ಅವಳೇ ಬರೆಸಿರಬೇಕು ಎಂದರು ಪ್ರಿನ್ಸಿಪಾಲರು. ಅರ್ಜಿಯಲ್ಲಿದ್ದ ಅವಳ ಫೋನ್ ನಂಬರ್ ಹುಡುಕಿ ಕೊಟ್ಟೆ.

ಮರುದಿನ ಅವಳನ್ನು ಕರೆಸಿದರು. ಅವಳು ಹಾಳೆಯನ್ನು ಎರಡು ಸಲ ಓದಿ ನನ್ನ ಕಡೆ ತಿರುಗಿದಳು.

“ಬಾಯಾರ, ಇದು ನಿಮ್ಮ ಅಕ್ಷರ ಅಲ್ಲೇನ್ರಿ?”

“ಅಲ್ಲ.”

“ಆಗ್ಲಿ ಬಿಡ್ರಿ,” ಎಂದು ಸರ್ಟಿಫಿಕೇಟು ಮಡಚಿಕೊಂಡು ಹೋದಳು.

ಆ ಮೂರು ಸಾಲು ಯಾರು ಬರೆದರೋ, ಗಾಡ್ ಅಲೋನ್ ನೋಸ್. ಇಷ್ಟು ವರ್ಷ ಯೋಚಿಸಿದರೂ ನನಗೆ ಬಗೆಹರಿದಿಲ್ಲ. ಅವಳು ಪಾಠ ಹೇಳುತ್ತಿದ್ದ ಇಂದಾಪುರದ ಶಾಲೆಗೆ, ಇಂಥವಳನ್ನು ಇಟ್ಟುಕೊಳ್ಳಬೇಡಿ ಎಂದು ಆ ವಾರ ಒಂದು ಪತ್ರ ಹೋಯಿತು. ಅದನ್ನು ಬರೆದವಳು ನಾನು.