ಹೆಣ್ಣು ನೋಡಲು ಹೋದವರು ಮಾತ್ರೆ ತಂದದ್ದು

ಸೆಲ್ವನ ಜೊತೆ ಕಳೆದ ಕೊನೆಯ ಮಾಮೂಲು ದಿನ ಒಂದು ಭಾನುವಾರ. ಬಂಗಾರಪೇಟೆಯ ಗಾಡಿಯೊಂದರ ಮುಂದೆ ಅವನು, ನಾನು, ಮಂಜು ಪಾನಿಪುರಿ ತಿನ್ನುತ್ತಿದ್ದೆವು. ನಮ್ಮೂರಿನ ಪಾನಿ ಕುಡಿಯುವ ನೀರಿನಷ್ಟು ತಿಳಿ. ಖಾರ ಗೊತ್ತಾಗುವುದು ಗಂಟಲಿಗೆ ಇಳಿದ ಮೇಲೆ. ಸೆಲ್ವ ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದ. ಆ ಗಾಡಿಯ ಮುಂದೆ ಎಲ್ಲರೂ ಕೆಮ್ಮುತ್ತಾರೆ. ನಾವು ನಕ್ಕೆವು, ಅವನೂ ನಕ್ಕ.

ಮರುದಿನ ಅವನು ಆಸ್ಪತ್ರೆ ಸೇರಿದ. ಎದೆಯ ಕ್ಷಯ ಎಂದರು, ಆಮೇಲೆ ಎಚ್‌ಐವಿ ಎಂದರು. ಬೇಗ ತಿಳಿದಿದ್ದರೆ ಅದಕ್ಕೂ ಔಷಧಿ ಇತ್ತು, ಬದುಕಿರುತ್ತಿದ್ದ. ಪರೀಕ್ಷೆ ಎಂದರೆ ಅವನಿಗೆ ಭಯ. ನಾವು ಮೂವರೂ ಗಂಡಸರನ್ನು ಇಷ್ಟಪಡುವವರು. ಮಂಜುವಿಗೆ ಹೆಂಗಸರೂ ಇಷ್ಟ. ನಮ್ಮೊಳಗೆ ಇದ್ದದ್ದು ಗೆಳೆತನ. ಎಚ್‌ಐವಿ ಬಾರದಂತೆ ತಡೆಯುವ ಮಾತ್ರೆಯೊಂದಿದೆ, ದಿನಕ್ಕೊಂದು ನುಂಗಬೇಕು ಎಂದು ನಮಗೆ ಹೇಳಿದವನೇ ಸೆಲ್ವ. ಬೆಂಗಳೂರಿನ ಕ್ಲಿನಿಕ್ಕಿನ ವಿಳಾಸವನ್ನು ಹಾಸಿಗೆಯಿಂದಲೇ ಫೋನಿಗೆ ಕಳಿಸಿದ. "ನಂಗೆ ಲೇಟಾಯ್ತು ಸೀನ. ನೀವಿಬ್ರೂ ಓಗ್ರೋ" ಎಂದ.

ಅವನು ಹೋಗಿ ಕೆಲವು ತಿಂಗಳಾದ ಮೇಲೆ, ಜೂನಿನ ಒಂದು ಬೆಳಿಗ್ಗೆ ನಾವು ಹೊರಟೆವು. ಹಾಲು ಕರೆದು ಡೈರಿಗೆ ಹಾಕಿ, ಹಳ್ಳಿಯಿಂದ ಬೈಕಿನಲ್ಲಿ ಬಂಗಾರಪೇಟೆಗೆ ಬಂದೆ. ಮೋಡವಿತ್ತು, ಮಳೆ ಇರಲಿಲ್ಲ. ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರು, ಟಿಕೆಟ್ಟು ಇಪ್ಪತ್ತು ರೂಪಾಯಿ. ಮಾರಿಕುಪ್ಪಂನಿಂದ ಬರುವ ರೈಲು ಬಂಗಾರಪೇಟೆಗೆ ಬರುವಷ್ಟರಲ್ಲಿ ತುಂಬಿರುತ್ತದೆ. ನಾನೂ ಸೆಲ್ವನೂ ದಿನಾ ಕೆಲಸಕ್ಕೆ ಹೋಗುತ್ತಿದ್ದಾಗ ಅವನು ಬಂಗಾರಪೇಟೆಗಿಂತ ಮುಂಚಿನ ಚಾಂಪಿಯನ್ ಸ್ಟೇಷನ್‌ನಲ್ಲಿ ಹತ್ತಿ, ಪಕ್ಕದ ಸೀಟಿನ ಮೇಲೆ ಟವಲ್ ಹಾಸಿ ನನಗೆ ಜಾಗ ಹಿಡಿಯುತ್ತಿದ್ದ. ಅವನು ಹೋದ ಮೇಲೆ ನಾನು ಆ ರೈಲನ್ನೂ ಕೆಲಸವನ್ನೂ ಬಿಟ್ಟಿದ್ದೆ.

ಈ ಸಲ ಜಾಗ ಹಿಡಿಯಬೇಕಾದವನು ಆಂಡರ್ಸನ್‌ಪೇಟೆಯ ಮಂಜು. ಮೊಬೈಲ್ ರಿಪೇರಿ ಮಾಡುವ ಹುಡುಗ, ದಿನಾ ರೈಲಿನಲ್ಲಿ ಓಡಾಡಿದವನಲ್ಲ. ನಾನು ನುಗ್ಗಿ ಒಳಗೆ ಹೋದಾಗ ಅವನು ಸೀಟಿನ ಮೇಲೆ ಬ್ಯಾಗಿಟ್ಟು ಬೈಸಿಕೊಳ್ಳುತ್ತಿದ್ದ.

"ಏನಪ್ಪಾ, ಸೀಟು ನಿನ್ ಎಸ್ರಿಗೆ ರಿಜಿಸ್ಟ್ರಿ ಆಗೈತಾ?"

ಕೇಳುತ್ತಿದ್ದವರು ರತ್ನಕ್ಕ. ಮಾರಿಕುಪ್ಪಂನಲ್ಲಿ ಹತ್ತಿ, ಬೆಂಗಳೂರಿನ ಕ್ಯಾಂಟೀನೊಂದರಲ್ಲಿ ಅಡುಗೆ ಮಾಡಿ, ಸಂಜೆ ಅದೇ ರೈಲಿನ ಅದೇ ಬೋಗಿಯಲ್ಲಿ ವಾಪಸಾಗುವವರು. ನನ್ನನ್ನು ನೋಡಿ ಮುಖ ಅರಳಿತು.

"ಅಯ್ಯೋ, ಸೀನನಾ! ಎಲ್ಲೋಗಿದ್ಯೋ ಇಷ್ಟ್ ದಿನ? ನಿನ್ ಟವಲ್ ಸೆಲ್ವ ಎಲ್ಲಿ?"

"ಓಗ್ಬಿಟ್ಟ ಅಕ್ಕಾ."

"ಯಾವೂರಿಗೆ?" ಎಂದವರಿಗೆ ನನ್ನ ಮುಖ ನೋಡಿದ ಮೇಲೆ ಅರ್ಥವಾಯಿತು. "ಏನಾಗಿತ್ತಪ್ಪಾ?" ಎಂದರು.

"ಕೆಮ್ಮು" ಎಂದೆ. ಅಷ್ಟು ಜನರ ನಡುವೆ ಅದಕ್ಕಿಂತ ಹೆಚ್ಚು ಹೇಳಲಾಗಲಿಲ್ಲ.

ರೈಲು ಟೇಕಲ್ ಸ್ಟೇಷನ್ ದಾಟಿತು. ಆಮೇಲೆ ರತ್ನಕ್ಕನ ಕಣ್ಣು ಮಂಜುವಿನ ಮೇಲೆ ಬಿತ್ತು. ಡಾಕ್ಟರ ಮುಂದೆ ಮರ್ಯಾದೆಯಾಗಿ ಕಾಣಬೇಕೆಂದು ಅವನು ಹೊಸ ಅಂಗಿ ಹಾಕಿ, ಸೆಂಟು ಬಳಿದುಕೊಂಡು ಬಂದಿದ್ದ.

"ಏನ್ ಮದುಮಗಾ, ಎಣ್ಣು ನೋಡಾಕಾ?"

ಮಂಜು ಗಾಬರಿಯಲ್ಲಿ "ಊಂ" ಎಂದುಬಿಟ್ಟ.

ಅಷ್ಟೇ ಸಾಕಾಯಿತು. ಇಡೀ ಬೋಗಿಗೆ ಸುದ್ದಿ ಹಬ್ಬಿತು. ಕಾರ್ಖಾನೆ ಕೆಲಸಕ್ಕೆ ಹೊರಟಿದ್ದ ಹಿರಿಯರೊಬ್ಬರು "ಉಪ್ಪಿಟ್ಟು ಕೊಟ್ರೆ ಪೂರ್ತಿ ತಿನ್ನಬೇಡ, ಹೊಟ್ಟೆಬಾಕ ಅಂತಾರೆ" ಎಂದು ಬುದ್ಧಿ ಹೇಳಿದರು. ಎದುರಿಗಿದ್ದವರು ತಮಿಳಿನಲ್ಲಿ ಏನೋ ಅಂದು ನಕ್ಕರು. ರತ್ನಕ್ಕ ಅವನ ಕಾಲರು ಸರಿಮಾಡಿದರು. ಮಂಜು ನನ್ನ ಕಿವಿಯಲ್ಲಿ "ಅಣ್ಣಾ, ಮುಂದಿನ್ ಸ್ಟೇಷನ್‌ನಲ್ಲಿ ಇಳ್ಕೊಂಡು ಓಡೋಗೋಣ" ಎಂದ. ನನಗೆ ನಗು ತಡೆಯಲಾಗಲಿಲ್ಲ. ಸೆಲ್ವ ಹೋದ ಮೇಲೆ ಅಷ್ಟು ನಕ್ಕದ್ದು ಅವತ್ತೇ.

ಬೆಂಗಳೂರಿನಲ್ಲಿ ಸಿಟಿ ಬಸ್ಸು ಹಿಡಿದು ಕ್ಲಿನಿಕ್ಕಿಗೆ ಹೋದೆವು. ಮೊದಲನೇ ಮಹಡಿ, ಕೆಳಗೆ ಬೇಕರಿ. ಕೌನ್ಸೆಲರ್ ನಮ್ಮದೇ ವಯಸ್ಸಿನ ಗಂಡಸು. "ಗಂಡಸರ ಜೊತೆನಾ, ಹೆಂಗಸರ ಜೊತೆನಾ, ಇಬ್ಬರ ಜೊತೆನೂನಾ?" ಎಂದು, ಹೋಟೆಲಿನಲ್ಲಿ ಇಡ್ಲಿಗೆ ಸಾಂಬಾರು ಡಿಪ್ಪಾ ಬೇರೆನಾ ಎಂದು ಕೇಳುವಷ್ಟು ಸಲೀಸಾಗಿ ಕೇಳಿದರು. ಮಂಜು "ಇಬ್ಬರ ಜೊತೆನೂ ಸಾರ್" ಎಂದ. ಅದನ್ನು ಅವನು ಹೊರಗಿನವರ ಮುಂದೆ ಹೇಳಿದ್ದು ಮೊದಲ ಸಲ. ಹೇಳಿ ತಾನೇ ಬೆರಗಾಗಿ ನನ್ನ ಕಡೆ ನೋಡಿದ.

ಆದರೆ ರಕ್ತ ಪರೀಕ್ಷೆ ಮೊದಲು. ಸೋಂಕು ಇಲ್ಲದಿದ್ದರೆ ಮಾತ್ರ ಈ ಮಾತ್ರೆ; ಇದ್ದರೆ ಬೇರೆ ಚಿಕಿತ್ಸೆ. ಸೆಲ್ವ ದಾಟಲಾರದೆ ನಿಂತ ಜಾಗ ಇದೇ. ಮೂತ್ರಪಿಂಡ, ಕಾಮಾಲೆಯ ಪರೀಕ್ಷೆಗೂ ರಕ್ತ ಕೊಟ್ಟು ಬೆಂಚಿನ ಮೇಲೆ ಕುಳಿತೆವು. ಕೆಳಗಿನಿಂದ ಬನ್ನಿನ ವಾಸನೆ ಬರುತ್ತಿತ್ತು. ಮಂಜುವಿನ ಕಾಲು ಕುಣಿಯುತ್ತಲೇ ಇತ್ತು.

"ಇದ್ರೆ ಏನಣ್ಣಾ ಮಾಡೋದು?"

"ಔಷಧಿ ತಗೊಳ್ಳೋದು. ಬದುಕೋದು. ಸುಮ್ನೆ ಕೂತ್ಕೋ" ಎಂದೆ.

ಮಧ್ಯಾಹ್ನ ದಾಟಿದ ಮೇಲೆ ಕರೆದರು. ಇಬ್ಬರಿಗೂ ಸೋಂಕಿರಲಿಲ್ಲ. ಉಳಿದ ಪರೀಕ್ಷೆಗಳೂ ಸರಿಯಾಗಿದ್ದವು. ಡಾಕ್ಟರಮ್ಮ ನಿಧಾನವಾಗಿ ತಿಳಿಸಿ ಹೇಳಿದರು: ದಿನಾ ತಪ್ಪಿಸಬಾರದು, ಬೇರೆ ಲೈಂಗಿಕ ರೋಗಗಳನ್ನು ಇದು ತಡೆಯುವುದಿಲ್ಲ, ಕಾಂಡೋಮ್ ಬಿಡಬೇಡಿ, ಮುಂದಿನ ತಿಂಗಳು ಪರೀಕ್ಷೆಗೆ ಬನ್ನಿ. ಕೈಗೊಂದು ಬಿಳಿ ಡಬ್ಬಿ ಬಂತು. ಮೆಟ್ಟಿಲಿಳಿಯುವಾಗ ಮಂಜು ಅದನ್ನು ಕಿವಿಯ ಹತ್ತಿರ ಹಿಡಿದು ಗಲಗಲ ಆಡಿಸಿದ. ಬೇಕರಿಯಲ್ಲಿ ನಾಲ್ಕು ದಿಲ್‌ಪಸಂದ್ ತಿಂದೆವು. ನಾನು ಅಳುತ್ತಾ ತಿಂದೆ. ಅವನು ನೋಡಿ ಇನ್ನೊಂದು ಟೀ ಹೇಳಿದ.

ಬೆಳಿಗ್ಗೆ ಹೇಳಿದ ಸುಳ್ಳು ನೆನಪಾದದ್ದು ಸಂಜೆ ಬೋಗಿ ಹತ್ತಿದ ಮೇಲೆ. ರತ್ನಕ್ಕ ನಮಗಾಗಿಯೇ ಕಾಯುತ್ತಿದ್ದರು.

"ಏನಾಯ್ತು? ಒಪ್ಪುದ್ರಾ?"

ಮಂಜುವಿನ ಮುಖದ ಸಂತೋಷ ಮುಚ್ಚಿಡುವಂಥದ್ದಲ್ಲ. "ಎಲ್ಲಾ ಚೆನ್ನಾಗಾಯ್ತಕ್ಕಾ. ಮುಂದಿನ್ ತಿಂಗ್ಳು ಬನ್ನಿ ಅಂದವ್ರೆ."

"ಮುಂದಿನ್ ತಿಂಗ್ಳಾ? ಆಷಾಡ ಕಣ್ಲಾ! ಎಂಥಾ ಜನ ಅವ್ರು?"

ಬೋಗಿಯೆಲ್ಲ ನಕ್ಕಿತು. ರತ್ನಕ್ಕ ಚೀಲದಿಂದ ಎಲೆಯ ಪೊಟ್ಟಣ ತೆಗೆದರು. ಶುಭ ಸುದ್ದಿ ಬರುತ್ತದೆಂದು ಕ್ಯಾಂಟೀನಿನಿಂದ ಕೇಸರಿಬಾತು ಕಟ್ಟಿಸಿಕೊಂಡು ಬಂದಿದ್ದರು. ಮೊದಲ ತುತ್ತನ್ನು ತಾವೇ ಮಂಜುವಿನ ಬಾಯಿಗಿಟ್ಟರು. ಅವನು ತಲೆ ತಗ್ಗಿಸಿ ನುಂಗಿದ. ನಿಜ ಹೇಳಿದ್ದರೂ ಆ ಕೈ ಅಲ್ಲಿಗೇ ಬರುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.

ಬಂಗಾರಪೇಟೆಯಲ್ಲಿ ಇಬ್ಬರೂ ಇಳಿದೆವು. ರತ್ನಕ್ಕ ಕಿಟಕಿಯಿಂದ ಕೂಗಿದರು: "ಮುಂದಿನ್ ಸಲ ಬರಾಗ ಮುಂಚೇನೇ ಒಂದ್ ಮಾತೇಳು ಸೀನ. ನಾನೇ ಟವಲ್ ಆಕಿರ್ತೀನಿ."

ಮಂಜುವಿಗೆ ಮನೆ ಕಡೆ ಹೋಗುವ ರಾಬರ್ಟ್‌ಸನ್‌ಪೇಟೆ ಬಸ್ಸು ಇನ್ನೂ ಇತ್ತು. ಅದೇ ಪಾನಿಪುರಿ ಗಾಡಿಗೆ ಹೋದೆವು. ಎರಡನೇ ಪುರಿಗೆ ಮಂಜು ಕೆಮ್ಮಿದ. ನಾನು ತಟ್ಟೆ ಕೆಳಗಿಟ್ಟು ಅವನನ್ನೇ ನೋಡಿದೆ.

"ಖಾರ ಅಣ್ಣಾ" ಎಂದ, ಕಣ್ಣೊರೆಸಿಕೊಂಡು. "ಬರೀ ಖಾರ."

ಡಬ್ಬಿಯಲ್ಲಿ ಒಂದು ತಿಂಗಳಿಗಾಗುವಷ್ಟಿದೆ. ಮುಗಿದ ಮೇಲೆ ಮತ್ತೆ ಅದೇ ರೈಲು. ಚಾಂಪಿಯನ್‌ನಿಂದ ಬಂಗಾರಪೇಟೆಯವರೆಗೆ, ನಮ್ಮಂಥವನು ಒಳಗೆ ಹೋಗಿ ಕೂತು ಈ ಮಾತ್ರೆ ಕೇಳಬಹುದಾದ ಒಂದು ಜಾಗವೂ ನನಗೆ ಇನ್ನೂ ಸಿಕ್ಕಿಲ್ಲ.