ಪಡೀಲಿನ ಕಮಲೇಶ ವಯರ್ ಕಡಿಯುವುದಿಲ್ಲ

ಯಾರು ಏನು ಬೇಕಾದರೂ ಹೇಳಲಿ, ಪಡೀಲಿನ ಕಮಲೇಶ ಕಾಂಚನ್ ಇಷ್ಟು ವರ್ಷದಲ್ಲಿ ಯಾರ ಗಾಡಿಯ ಜೊತೆ ಬಂದ ಕಂಪೆನಿ ವಯರನ್ನೂ ಕಡಿದವನಲ್ಲ. ಇದನ್ನು ಹೇಳುವ ಯೋಗ್ಯತೆ ನನಗಿಲ್ಲ, ಗೊತ್ತುಂಟು. ಕಡಿದಿದ್ದಾನೆ ಎಂದು ಊರಿಗೆಲ್ಲ ಸಾರಿದವಳು ನಾನೇ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ವೆರೋನಿಕಾ. ಇಪ್ಪತ್ತಾರು ವರ್ಷ ಕುವೈಟಿನ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ಈಗ ಕುಲಶೇಖರದಲ್ಲಿದ್ದೇನೆ. ಬಂದವಳೇ ಒಂದು ದೊಡ್ಡ ಎಸ್‌ಯುವಿ ಕೊಂಡೆ. ಒಬ್ಬಳಿಗೆ ಇಷ್ಟು ದೊಡ್ಡ ಗಾಡಿ ಯಾಕೆ, ಅದಕ್ಕೆ ಬೇರೆ ಮ್ಯೂಸಿಕ್ ಸಿಸ್ಟಂ ಯಾಕೆ ಎಂದು ಕೇಳಿದವರಿಗೆ ನಾನು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ. ನಿಜ ಏನೆಂದರೆ ನನಗೆ ಎಡಗಿವಿ ಕೇಳಿಸುವುದಿಲ್ಲ. ಎಂಟು ವರ್ಷದವಳಿದ್ದಾಗ ಮಂಗನಬಾವು ಬಂದು ಹೋದದ್ದು. ಅದನ್ನು ಯಾರಿಗೂ ತೋರಿಸಿಕೊಳ್ಳದೆ ನೌಕರಿ ಮುಗಿಸಿದೆ. ಆದರೆ ಗಾಡಿಯಲ್ಲಿ ಹಾಡು ಹಾಕಿದರೆ ಅರ್ಧ ಊಟ ಬಡಿಸಿ ಎಲೆ ಎತ್ತಿದ ಹಾಗೆ ಆಗುತ್ತಿತ್ತು.

ಗಾಡಿಗಳಿಗೆ ಮ್ಯೂಸಿಕ್ ಕೂರಿಸುವ ಕಮಲೇಶನ ಅಂಗಡಿಗೆ ಎರಡು ಶೆಟರ್. ನಾನು ಹೋದ ದಿನ ಅವನು ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ನನಗೆ ಇಷ್ಟದ ಹಾಡನ್ನು ಹಾಕಿಸಿ, ಹಾಡು ಕೇಳದೆ ನನ್ನ ಮುಖವನ್ನೇ ನೋಡುತ್ತ ನಿಂತ. ಇವನಿಗೆ ಎಂತ ಬಂತು ಎಂದು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಮೆಲ್ಲಗೆ ಕೇಳಿದ, "ಮೇಡಂ, ಎಡದ ಕಿವಿ ಸ್ವಲ್ಪ ಕಡಿಮೆ ಉಂಟಾ? ನೀವು ತಲೆ ತಿರುಗಿಸ್ತಾ ಇದ್ದೀರಿ."

ತೀರಿಹೋದ ನನ್ನ ಗಂಡನಿಗೇ ಅದು ಗೊತ್ತಾಗಲಿಕ್ಕೆ ನಾಲ್ಕು ವರ್ಷ ಹಿಡಿದಿತ್ತು. ಕಮಲೇಶ ನಾಲ್ಕು ದಿನ ಕೆಲಸ ಮಾಡಿದ. ಬಾಗಿಲುಗಳ ಪ್ಯಾಡ್ ಬಿಚ್ಚಿ ಒಳಗೆ ಸದ್ದು ತಡೆಯುವ ಹಾಳೆ ಅಂಟಿಸಿದ, ಸೀಟಿನ ಅಡಿಗೆ ಆಂಪ್ಲಿಫೈಯರ್ ಕೂರಿಸಿದ. ಎಡದ ಸ್ಪೀಕರಿಗೆ ಹೋಗುವ ಸ್ವರವನ್ನೂ ಬಲಕ್ಕೆ ತಂದು ಸೇರಿಸಿದ. ಕೊನೆಯ ದಿನ ನನ್ನ ಹಳೆಯ ಕೊಂಕಣಿ ಹಾಡೊಂದನ್ನು ಹಾಕಿದಾಗ ಅದರಲ್ಲೊಂದು ಮ್ಯಾಂಡೊಲಿನ್ ಇತ್ತು. ನಲವತ್ತು ವರ್ಷದಿಂದ ಕೇಳಿದ ಹಾಡು, ಮ್ಯಾಂಡೊಲಿನ್ ಇರುವುದು ಅವತ್ತು ಗೊತ್ತಾಯಿತು. ನಾನು ಸ್ಟಿಯರಿಂಗ್ ಹಿಡಿದುಕೊಂಡು ಅತ್ತೆ. ಅವನು ನೋಡದವನ ಹಾಗೆ ಹೊರಗೆ ಹೋಗಿ ಕೈ ತೊಳೆದ.

ಚಹಾ ಕುಡಿಯುವಾಗ ತನ್ನ ಕತೆ ಹೇಳಿದ. ಬೆಂಗ್ರೆಯ ಮೊಗವೀರರ ಮನೆ. ಅಪ್ಪ ಗಿರಿಯಪ್ಪ, ಅಜ್ಜ, ಚಿಕ್ಕಪ್ಪಂದಿರು ಎಲ್ಲ ಕಡಲಿಗೆ ಹೋಗುವವರು. ಇವನೊಬ್ಬ ಬೋಟ್ ಹತ್ತಿದರೆ ವಾಂತಿ! "ಮೂರು ಟ್ರಿಪ್ ಹೋದೆ ಮೇಡಂ, ಮೂರರಲ್ಲೂ ನನ್ನನ್ನು ಹೊತ್ತುಕೊಂಡು ಇಳಿಸಿದ್ದು. ಮನೆಯಲ್ಲಿ ಹೆಂಗಸರು ಸಹ ನೆಗಾಡ್ತಿದ್ರು," ಎಂದು ತಾನೇ ನಕ್ಕ. ದಕ್ಕೆಯಲ್ಲಿ ಕಟ್ಟಿ ನಿಲ್ಲಿಸಿದ ಬೋಟುಗಳ ವಯರ್‌ಲೆಸ್ ಸೆಟ್ ರಿಪೇರಿ ಮಾಡುತ್ತ ಕೆಲಸ ಕಲಿತ. ಉಪ್ಪು ಗಾಳಿಗೆ ಮೊದಲು ಹಾಳಾಗುವುದು ವಯರ್ ಕಡಿದು ಜೋಡಿಸಿದ ಗಂಟು. ಹಾಗಾಗಿ ಇದ್ದ ವಯರನ್ನು ಕಡಿಯಬಾರದು, ಸಾಕೆಟಿಗೆ ಸಾಕೆಟ್ ಕೂರಿಸಬೇಕು ಎನ್ನುವುದು ಅವನಿಗೆ ಅಲ್ಲೇ ರಕ್ತಕ್ಕೆ ಇಳಿದದ್ದು. ಈ ಅಂಗಡಿ ಹಾಕಿದ ಮೇಲೆ ಮನೆಯಲ್ಲಿ ಅವನನ್ನು ನೋಡಿ ನಗುವುದು ನಿಂತಿತಂತೆ.

ಎರಡು ತಿಂಗಳು ಕಳೆಯಿತು. ಗಾಡಿ ಮೊದಲ ಸರ್ವಿಸಿಗೆ ಹೋಗಿ ಬಂತು. ಒಂದು ವಾರದ ಮೇಲೆ ಸುರತ್ಕಲ್ ಹತ್ತಿರ ಹೈವೇಯಲ್ಲಿ, ಮಧ್ಯಾಹ್ನ ಮೂರು ಗಂಟೆಗೆ, ಮೀಟರ್, ಲೈಟ್, ಹಾಡು ಎಲ್ಲ ಒಟ್ಟಿಗೆ ಆಫ್. ಹಿಂದಿನಿಂದ ಟ್ಯಾಂಕರಿನವನು ಹಾರ್ನ್ ಹೊಡೆದ ಹೊಡೆತಕ್ಕೆ ನನ್ನ ಒಳ್ಳೆಯ ಕಿವಿಯೂ ಹೋಗಬೇಕಿತ್ತು. ಹೇಗೋ ಬದಿಗೆ ತಂದು ನಿಲ್ಲಿಸಿ ಶೋರೂಮಿಗೆ ಫೋನ್ ಮಾಡಿದೆ.

ಅಲ್ಲಿ ಸರ್ವಿಸ್ ನೋಡಿಕೊಳ್ಳುವವನು ಲೆಸ್ಟರ್, ನನ್ನ ತಂಗಿಯ ಮಗ. ನಾನು ಎತ್ತಿ ಆಡಿಸಿದ ಹುಡುಗ. ಗಾಡಿ ಎಳೆಸಿಕೊಂಡು ಹೋಗಿ ನೋಡಿ ಜಾಬ್ ಕಾರ್ಡಿನಲ್ಲಿ ಬರೆದ: ಹೊರಗಿನ ಆಡಿಯೋ ಫಿಟ್ಟಿಂಗಿನವರು ವಯರ್ ಕಡಿದ ಕಾರಣ ಶಾರ್ಟ್ ಆಗಿದೆ, ವಾರಂಟಿ ಇಲ್ಲ. "ಮಾವ್ಶಿ, ಈ ಪಡೀಲಿನವರು ಎಲ್ಲ ಹೀಗೇ. ನನ್ನ ಹತ್ರ ಒಂದು ಮಾತು ಕೇಳಬಾರದಿತ್ತಾ?" ಎಂದ.

ನನ್ನ ಮೈಯೆಲ್ಲ ಉರಿದು ಹೋಯಿತು. ಕಮಲೇಶನಿಗೆ ಫೋನ್ ಮಾಡಿ ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಒಂದೇ ಮಾತು ಹೇಳಿದ, "ನಾನು ಕಡೀಲಿಲ್ಲ ಮೇಡಂ. ಬಿಚ್ಚಿ ತೋರಿಸ್ತೇನೆ, ನೀವು ಬನ್ನಿ." ನಾನು ಹೋದದ್ದೂ ಇಲ್ಲ, ಕೇಳಿದ್ದೂ ಇಲ್ಲ. ಮೂರು ನಿಮಿಷದ ಒಂದು ವಾಯ್ಸ್ ಮೆಸೇಜ್ ಮಾಡಿ, ಅವನ ಹೆಸರು, ಅಂಗಡಿ ಎಲ್ಲ ಹೇಳಿ, ನನಗೆ ಗೊತ್ತಿದ್ದ ಎಲ್ಲ ಗ್ರೂಪುಗಳಿಗೆ ಹಾಕಿದೆ. ಕೊಂಕಣಿಯಲ್ಲಿ ಬೈದಿದ್ದರೆ ನಮ್ಮವರೊಳಗೇ ಉಳಿಯುತ್ತಿತ್ತು. ಎಲ್ಲರಿಗೂ ಅರ್ಥವಾಗಲಿ ಎಂದು ಕನ್ನಡದಲ್ಲಿ ಬೈದೆ, ಅಷ್ಟು ಬುದ್ಧಿವಂತಿಕೆ ನನ್ನದು!

ಹತ್ತನೆಯ ದಿನ ಕಮಲೇಶ ನನ್ನ ಗೇಟಿನ ಹತ್ತಿರ ನಿಂತಿದ್ದ. ಕೈಯಲ್ಲಿ ಟೂಲ್ ಬ್ಯಾಗ್. ಮುಖ ಇಳಿದು ಹೋಗಿತ್ತು.

"ಐದು ಗಾಡಿ ಬುಕ್ ಆದದ್ದು ಕ್ಯಾನ್ಸಲ್ ಆಯ್ತು ಮೇಡಂ. ನಿಮ್ಮ ಸ್ವರವನ್ನು ನನ್ನ ಹೆಂಡತಿಗೇ ಯಾರೋ ಕಳಿಸಿದ್ದಾರೆ. ಮುಂದಿನ ತಿಂಗಳು ಬೋಟಿಗೆ ಬಾ ಅಂತ ಚಿಕ್ಕಪ್ಪ ಹೇಳ್ತಾ ಇದ್ದಾರೆ. ನಿಮ್ಮ ಎದುರೇ ಬಿಚ್ಚಬೇಕು ನನಗೆ. ನಾನು ಕಡಿದದ್ದಾದ್ರೆ ಅಂಗಡಿ ಇವತ್ತೇ ಮುಚ್ತೇನೆ."

ಗಾಡಿ ಇನ್ನೂ ಶೋರೂಮಿನಲ್ಲೇ ಇತ್ತು, ಆಟೋ ಹಿಡಿದು ಇಬ್ಬರೂ ಅಲ್ಲಿಗೆ ಹೋದೆವು. ಹೊರಗಿನವರನ್ನು ಒಳಗೆ ಬಿಡುವುದಿಲ್ಲ ಎಂದ ಲೆಸ್ಟರ್. ಗಾಡಿ ನನ್ನದು, ನೀನು ಬದಿಗೆ ನಿಲ್ಲು ಎಂದೆ. ಕಮಲೇಶ ಪ್ಯಾಡುಗಳನ್ನು ಒಂದೊಂದಾಗಿ ತೆಗೆದ. ಮೆಕ್ಯಾನಿಕ್ ಹುಡುಗರು ಕೆಲಸ ಬಿಟ್ಟು ಬಂದು ನಿಂತರು. ಒಳಗೆ ಅವನ ವಯರುಗಳನ್ನು ಬಲೆ ಕಟ್ಟುವ ನೈಲಾನ್ ದಾರದಿಂದ ನಾಲ್ಕು ನಾಲ್ಕು ಬೆರಳಿಗೆ ಒಂದರಂತೆ ಗಂಟು ಹಾಕಿ ಕಟ್ಟಿದ್ದ. ಅವನ ಅಪ್ಪ ಬಲೆಗೆ ಹಾಕುವ ಗಂಟಂತೆ ಅದು, ಎಳೆದಷ್ಟೂ ಬಿಗಿ. ಅಲ್ಲೆಲ್ಲ ಕಂಪೆನಿ ವಯರಿಗೆ ಒಂದು ಗೀರೂ ಇರಲಿಲ್ಲ.

ಆಮೇಲೆ ಸ್ಟಿಯರಿಂಗ್ ಅಡಿಯ ಫ್ಯೂಸ್ ಬಾಕ್ಸ್ ತೆರೆದ. ಅಲ್ಲೊಂದು ಕಂಪೆನಿ ವಯರನ್ನು ಕಡಿದು, ಅದಕ್ಕೆ ತೆಳ್ಳಗಿನ ಇನ್ನೊಂದು ವಯರ್ ತಿರುಚಿ, ಮೇಲಿಂದ ಕಪ್ಪು ಟೇಪ್ ಸುತ್ತಿದ್ದರು. ಟೇಪ್ ಬಿಸಿಗೆ ಸಡಿಲವಾಗಿ ವಯರ್ ಸುಟ್ಟು ಕರಗಿತ್ತು. ಆ ತೆಳ್ಳಗಿನ ವಯರನ್ನು ಹಿಡಿದುಕೊಂಡೇ ಕಮಲೇಶನ ಕೈ ಮೇಲಕ್ಕೆ ಹೋಯಿತು. ಅದು ಹೋಗಿ ಮುಟ್ಟಿದ್ದು ಮುಂದಿನ ಗಾಜಿನ ಹತ್ತಿರದ, ರಸ್ತೆ ರೆಕಾರ್ಡ್ ಮಾಡುವ ಕ್ಯಾಮೆರಾಕ್ಕೆ. ಮೊದಲ ಸರ್ವಿಸ್ ದಿನ, "ಇದು ನನ್ನ ಲೆಕ್ಕದ ಉಡುಗೊರೆ ಮಾವ್ಶಿ" ಎಂದು ಪ್ರೀತಿಯಿಂದ ಲೆಸ್ಟರ್ ತಾನೇ ಕೂರಿಸಿಕೊಟ್ಟ ಕ್ಯಾಮೆರಾ!

"ಹಾಂಗಾ ನಾಕಾ, ಮಾವ್ಶಿ," ಎಂದು ಪಿಸುಗುಟ್ಟಿದ ಲೆಸ್ಟರ್. ಇಲ್ಲಿ ಬೇಡವಂತೆ. ಇಲ್ಲಿಯೇ ಬೇಕು ಎಂದು ನಾನು ಕನ್ನಡದಲ್ಲೇ, ಇಡೀ ಶೆಡ್ಡಿಗೆ ಕೇಳುವ ಹಾಗೆ ಹೇಳಿದೆ. ನಿನಗೆ ಗೊತ್ತಿತ್ತಲ್ಲ? ಕರಗಿದ ವಯರ್ ಕಂಡ ಕೂಡಲೇ ಗೊತ್ತಾಗಿತ್ತಲ್ಲ? ಅವನು ನೆಲ ನೋಡಿದ. ನನಗೆ ಅವನ ಕೆನ್ನೆಗೆ ಎರಡು ಬಾರಿಸಬೇಕು ಅನಿಸಿತು.

ಕಮಲೇಶ ಮಾತ್ರ ಸ್ವರ ಏರಿಸಲಿಲ್ಲ. "ಕೈ ತಪ್ಪುವುದು ಎಲ್ಲರಿಗೂ ಉಂಟು ಬ್ರದರ್. ನನ್ನ ಮೇಲೆ ಯಾಕೆ ಬರ್ದದ್ದು?" ಎಂದ. ಲೆಸ್ಟರ್ ಜಾಬ್ ಕಾರ್ಡಿನಲ್ಲಿ ಹಳೆಯದನ್ನು ಹೊಡೆದುಹಾಕಿ ನಡೆದದ್ದನ್ನು ಬರೆದು ಸಹಿ ಮಾಡುವವರೆಗೆ ನಾನು ಕುರ್ಚಿ ಎಳೆದು ಅಲ್ಲೇ ಕುಳಿತಿದ್ದೆ. ತಂಗಿ ಇವತ್ತಿಗೂ ನನ್ನ ಹತ್ತಿರ ಮಾತಾಡುವುದಿಲ್ಲ, ಬೇಡ.

ಹೊರಗೆ ಬಂದು ಕಮಲೇಶನ ಕೈ ಹಿಡಿದು ತಪ್ಪಾಯಿತು ಎಂದೆ. ಅವನು ಕೈ ಬಿಡಿಸಿಕೊಳ್ಳಲಿಲ್ಲ. "ಒಂದು ಸಲ ಬಂದು ನೋಡಬಹುದಿತ್ತು ಮೇಡಂ," ಎಂದ, ಅಷ್ಟೇ. ಅಲ್ಲೇ ನಿಂತು ಇನ್ನೊಂದು ವಾಯ್ಸ್ ಮೆಸೇಜ್ ಮಾಡಿದೆ. ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ, ತಪ್ಪು ನನ್ನದು, ಕಡಿದದ್ದು ನನ್ನ ತಂಗಿಯ ಮಗ ಎಂದು. ಮೊದಲನೆಯದು ಹೋದಲ್ಲೆಲ್ಲ ಅದನ್ನೂ ಕಳಿಸಿದೆ. ಮುಗಿಯಿತು ಎಂದುಕೊಂಡೆ.

ಎಂತ ಮುಗಿಯುವುದು! ಮೂರು ತಿಂಗಳಾದರೂ ಅವನ ಅಂಗಡಿಯ ಒಂದು ಶೆಟರ್ ಮುಚ್ಚಿಯೇ ಇತ್ತು. ಯಾಕೆಂದು ಗೊತ್ತಾದದ್ದು ಕಳೆದ ವಾರ, ಹಂಪನಕಟ್ಟೆಯ ಕನ್ನಡಕದ ಅಂಗಡಿಯಲ್ಲಿ. ಪಕ್ಕದಲ್ಲಿ ಕುಳಿತ ಹೆಂಗಸು, ಹೆಸರು ಮುಫೀದಾ, ಹೊಸ ಗಾಡಿ ತೆಗೆದಿದ್ದೇವೆ ಎಂದಳು. ಮ್ಯೂಸಿಕ್ ಹಾಕಿಸುವುದಾದರೆ ಪಡೀಲಿನ ಕಮಲೇಶನ ಹತ್ತಿರವೇ ಹೋಗಿ ಎಂದೆ. ಅವಳು ಬೆಚ್ಚಿದಳು.

"ಅಯ್ಯೋ ಆಂಟಿ, ಅಲ್ಲಿಗಾ? ಅವ ವಯರ್ ಕಡೀತಾನಂತೆ. ಕೇಳಿ ಇಲ್ಲಿ."

ಫೋನನ್ನು ನನ್ನ ಒಳ್ಳೆಯ ಕಿವಿಗೇ ಹಿಡಿದಳು. ನಾನೇ ಬೈಯುತ್ತಿದ್ದೆ, ಮೂರು ನಿಮಿಷ, ಒಂದು ಅಕ್ಷರ ಬಿಡದೆ.

"ಇದು ನಾನು ಮಾರಾಯ್ತಿ! ತಪ್ಪಾಯ್ತು ಅಂತ ಇನ್ನೊಂದು ಕಳಿಸಿದ್ದೆ, ಬರ್ಲಿಲ್ವಾ?"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಸ್ವರ ತಗ್ಗಿಸಿದಳು. "ಅದೂ ಬಂದಿತ್ತು ಆಂಟಿ. ಹೆದರಿಸಿ ಹೇಳಿಸಿದ್ದು ಅಂತ ಎಲ್ಲರೂ ಹೇಳಿದ್ರು. ಪಾಪ, ನಿಮಗೆ ಎಂತ ಮಾಡಿದ್ರು ಆ ಅಂಗಡಿಯವರು?"

ನಾನು ಎದ್ದು ನಿಂತು ಅವಳ ಕೈ ಹಿಡಿದು ಎಬ್ಬಿಸಿದೆ.

"ಎಲ್ಲಿಗೆ ಆಂಟಿ?"

"ಪಡೀಲಿಗೆ. ನನ್ನ ಗಾಡಿಯನ್ನು ನಿಮ್ಮ ಕಣ್ಣೆದುರೇ ಬಿಚ್ಚಿಸ್ತೇನೆ. ನೋಡಿ, ಆಮೇಲೆ ನಿಮ್ಮ ಬಾಯಿಂದ ನೀವೇ ಹೇಳಿ. ಅವನನ್ನು ಹಾಳು ಮಾಡ್ಲಿಕ್ಕೆ ನನ್ನ ಸ್ವರ ಸಾಕಾಯ್ತು, ಉಳಿಸ್ಲಿಕ್ಕೆ ಸಾಕಾಗುವುದಿಲ್ಲ."