ದವಡೆಯಲ್ಲಿ ಅಡಿಕೆ, ಎದುರಿಗೆ ಅಂಟಾರ್ಕ್ಟಿಕಾ

ಭೂಮಿಯ ತಳದಲ್ಲಿ ಅಂಟಾರ್ಕ್ಟಿಕಾ ಎಂಬ ಮಂಜಿನ ಖಂಡವೊಂದಿದೆ ಎಂದು ಚನ್ನಗಿರಿಯ ಅಡಿಕೆ ವ್ಯಾಪಾರಿ ರುದ್ರಮುನಿಗೆ ಗೊತ್ತಾದದ್ದು ಅರವತ್ತು ದಾಟಿದ ಮೇಲೆ. ಗೊತ್ತಾದ ವಾರದಲ್ಲೇ ಅಲ್ಲಿಗೆ ಹೋಗದ ಬದುಕು ದಂಡ ಅನ್ನಿಸತೊಡಗಿತು. ಇದರಲ್ಲಿ ಅವನ ತಪ್ಪೇನೂ ಇಲ್ಲ. ತಪ್ಪೆಲ್ಲ ಹೊನ್ನಾಳಿಯ ಬೀಗ ಮಹೇಶ್ವರಪ್ಪನದು. ಆತ ಸ್ವಿಟ್ಜರ್ಲೆಂಡಿಗೆ ಹೋಗಿ, ಹಿಮದಲ್ಲಿ ಅಂಗಾತ ಮಲಗಿ ಫೋಟೊ ತೆಗೆಸಿಕೊಂಡು, ಅದಕ್ಕೆ ಫ್ರೇಮು ಹಾಕಿಸಿ, ಗೃಹಪ್ರವೇಶಕ್ಕೆ ಬಂದ ನೆಂಟರೆಲ್ಲ ಕೈ ತೊಳೆಯುವ ಜಾಗದಲ್ಲೇ ನೇತುಹಾಕಿದ್ದ. ಕೈ ತೊಳೆಯುತ್ತ ಅದನ್ನು ನೋಡಿದ ರುದ್ರಮುನಿಗೆ ಉಂಡ ಹೋಳಿಗೆಯೆಲ್ಲ ಕಹಿಯಾಯಿತು.

“ಇದಕ್ಕಿಂತ ದೊಡ್ಡ ಹಿಮ ಎಲ್ಲೈತೆ ನೋಡ್ರಿ,” ಎಂದು ಮರುದಿನವೇ ದಾವಣಗೆರೆಯ ಟ್ರಾವೆಲ್ಸಿನವರಿಗೆ ಫೋನ್ ಮಾಡಿದ.

ಮೊದಲಿಗನಾಗುವ ಈ ಕಾಯಿಲೆ ಅವನಿಗೆ ಹಳೆಯದು. ಅವನ ಓಣಿಯಲ್ಲಿ ಮನೆಗೆ ಮೊದಲು ಲಿಫ್ಟ್ ಹಾಕಿಸಿದವನು ಅವನೇ. ಮನೆಗಿದ್ದದ್ದು ಒಂದೇ ಮಹಡಿ, ಅದರ ಮೇಲೆ ಒಣಗಲು ಹರವಿದ ಅಡಿಕೆ. ಹಾಕಿಸಿದ ವಾರಕ್ಕೆ ಕರೆಂಟು ಹೋಗಿ ಲಿಫ್ಟಿನೊಳಗೆ ಸಿಕ್ಕಿಕೊಂಡ ಮೊದಲಿಗನೂ ಅವನೇ ಆದ. ಸಿಕ್ಕಿಕೊಂಡಾಗಲೂ ಸುಮ್ಮನಿರಲಿಲ್ಲ. ಹೊರಗೆ ನಿಂತಿದ್ದ ಹೆಂಡತಿ ಸಿದ್ದಲಿಂಗಮ್ಮನಿಗೆ ಲಿಫ್ಟ್ ಹೇಗೆ ಕೆಲಸ ಮಾಡುತ್ತದೆ ಎಂದು ಒಳಗಿನಿಂದಲೇ ವಿವರಿಸುತ್ತಿದ್ದ.

ಹೆಂಡತಿಯನ್ನು ಅಂಟಾರ್ಕ್ಟಿಕಾಕ್ಕೆ ಕರೆದೊಯ್ಯುವ ಯೋಚನೆ ಮೊದಲಿಗೆ ಇರಲಿಲ್ಲ. “ನೀನು ಜಗಳೂರಿನ ಬಿಸಿಲಾಗೆ ಬೆಳೆದೋಳು. ಫ್ರಿಜ್ಜಿನ ನೀರು ಕುಡಿದ್ರೆ ಸೀನ್ತೀಯ. ಆ ಚಳಿ ತಡಿಯಾಕೆ ನಿನ್ ಕೈಲಿ ಆಗಲ್ಲ,” ಎಂದಿದ್ದ. ಆದರೆ ಹಡಗಿನ ಕೋಣೆ ಇಬ್ಬರಿಗೆಂದೇ ಇರುವುದು, ಒಬ್ಬನೇ ಹೋದರೂ ಹೆಚ್ಚುಕಡಿಮೆ ಇಬ್ಬರ ದುಡ್ಡೇ ಕೊಡಬೇಕು ಎಂದು ಗೊತ್ತಾಯಿತು. ಖಾಲಿ ಮಂಚಕ್ಕೆ ದುಡ್ಡು ಕೊಡಲು ಯಾವ ವ್ಯಾಪಾರಿಗೆ ಮನಸ್ಸು ಬರುತ್ತದೆ? ಹೀಗೆ ಸಿದ್ದಲಿಂಗಮ್ಮ ಹೊರಟಳು.

ಹೊರಡುವ ಮೊದಲೇ ಬಸ್ ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಎದ್ದಿತು. ಎಡಕ್ಕೊಂದು, ಬಲಕ್ಕೊಂದು ಪೆಂಗ್ವಿನ್, ನಡುವೆ ಕೂಲಿಂಗ್ ಗ್ಲಾಸ್ ಹಾಕಿದ ರುದ್ರಮುನಿ. ಕೆಳಗೆ ‘ಅಂಟಾರ್ಕ್ಟಿಕಾ ನೆಲ ಮೆಟ್ಟಿದ ಚನ್ನಗಿರಿಯ ಪ್ರಥಮ ಕಲಿ’ ಎಂದು ದಪ್ಪಕ್ಷರ. ವರ್ತಕರ ಸಂಘದ ಅಧ್ಯಕ್ಷ ದೊಡ್ಡಣ್ಣ ಅದನ್ನು ನೋಡಿ, “ಇನ್ನೂ ಹೋಗೇ ಇಲ್ವಲ್ರೀ?” ಎಂದ.

“ಬಂದ ಮೇಲೆ ಹಾಕ್ಸಿದ್ರೆ, ಹೋಗಿದ್ದು ಯಾರಿಗೆ ಗೊತ್ತಾಗ್ತೈತೆ? ನೀವು ಸನ್ಮಾನಕ್ಕೆ ಹಾಲ್ ಬುಕ್ ಮಾಡ್ರಿ. ಹೊನ್ನಾಳಿ ಬೀಗರಿಗೆ ಮೊದಲನೇ ಸಾಲಿನಾಗೆ ಕುರ್ಚಿ ಹಾಕ್ಸಿ.”

ದೊಡ್ಡಣ್ಣ ಬುಕ್ ಮಾಡಿದ. ಇನ್ನು ಆ ನೆಲದ ಮೇಲೆ ಕಾಲಿಡದೆ ರುದ್ರಮುನಿ ಊರಿಗೆ ಮರಳುವಂತಿರಲಿಲ್ಲ.

ಅರ್ಜೆಂಟೀನಾದ ತುದಿಯಲ್ಲಿ ಹಡಗು ಹತ್ತುವ ಹೊತ್ತಿಗೆ ಕಟ್ಟಿಕೊಂಡು ಹೋಗಿದ್ದ ವೀಳ್ಯದೆಲೆ ಕೊಳೆತಿತ್ತು. ಅಡಿಕೆ, ಸುಣ್ಣ ಮಾತ್ರ ಉಳಿದಿದ್ದವು. ಮುಂದೆ ಸಮುದ್ರ ಕುದಿಯಿತು. ರುದ್ರಮುನಿ ಬಕೆಟ್ ತಬ್ಬಿಕೊಂಡು ಮಲಗಿದ. ವಾಂತಿಯಿಂದ ವಾಂತಿಗೆ ಬಿಡುವಾದಾಗಲೆಲ್ಲ, ಬಕೆಟ್ ಹಿಡಿಯುವುದು ಹೇಗೆ ಎಂದು ಹೆಂಡತಿಗೆ ಹೇಳಿಕೊಟ್ಟ. ಫ್ರಿಜ್ಜಿನ ನೀರಿಗೆ ಸೀನುವ ಸಿದ್ದಲಿಂಗಮ್ಮನಿಗೆ ಏನೂ ಆಗಲಿಲ್ಲ. ಮೊಸರನ್ನ ಉಂಡುಕೊಂಡು ಆರಾಮಾಗಿದ್ದಳು.

ನೆಲ ಕಾಣುವ ಹಿಂದಿನ ದಿನ ತಪಾಸಣೆ ನಡೆಯಿತು. ಹೊರಗಿನ ಒಂದು ಬೀಜ, ಒಂದು ಎಲೆಚೂರು ಕೂಡ ಆ ನೆಲಕ್ಕೆ ಬೀಳಬಾರದಂತೆ. ಎಲ್ಲರ ಬಟ್ಟೆ, ಬ್ಯಾಗುಗಳ ಮೇಲೆ ವ್ಯಾಕ್ಯೂಮ್ ಆಡಿಸಿದರು. ಚಿಮಟ ಹಿಡಿದ ಹುಡುಗಿಯೊಬ್ಬಳು ರುದ್ರಮುನಿಯ ಜೇಬುಗಳ ಮೂಲೆಯಿಂದ ಅಡಿಕೆ ಚೂರು ಹೆಕ್ಕುತ್ತ ಹೋದಳು, ಹೆಕ್ಕಿ ಮುಗಿಯಲಿಲ್ಲ. ಅವನು ಕೆರಳಿದ. “ಬೀಜ ಅಲ್ಲಮ್ಮಾ ಇದು! ಬೇಯಿಸಿ ಬಣ್ಣ ಕಟ್ಟಿದ ಅಡಿಕೆ! ನೆಟ್ರೂ ಹುಟ್ಟಲ್ಲ!”

ಭಾರತದ ಪ್ರವಾಸಿಗಳನ್ನು ಕರೆತಂದಿದ್ದ ಮ್ಯಾನೇಜರ್ ಪ್ರಸನ್ನಕುಮಾರ್ ಓಡಿ ಬಂದ. “ಸರ್, ರೂಲ್ಸು. ನಾಳೆ ಜೇಬಿನಾಗೆ ಏನೂ ಇರಬಾರ್ದು. ಗಾಳಿ ಜೋರೈತೆ, ಅಂಟಾರ್ಕ್ಟಿಕಾ ನೆಲಕ್ಕೆ ಇಳಿಸೋದು ನಾಳೆ ಒಂದೇ ಸಲ ಅಂತೆ. ತಪ್ಪಿಸ್ಕೋಬೇಡ್ರಿ.”

ರುದ್ರಮುನಿ ಅಕ್ಷರಶಃ ಪಾಲಿಸಿದ. ಬೆಳಿಗ್ಗೆ ಅವನ ಜೇಬಿನಲ್ಲಿ ಏನೂ ಇರಲಿಲ್ಲ. ದವಡೆಯಲ್ಲಿತ್ತು. ಜೇಬು ಎಂದಿದ್ದರೇ ಹೊರತು ಬಾಯಿ ಎಂದು ಯಾರೂ ಅಂದಿರಲಿಲ್ಲ. ಇಂಥ ಸಂದಿ ಹುಡುಕಿಯೇ ಅಲ್ಲವೆ ಅವನು ಅಡಿಕೆ ಮಂಡಿ ಕಟ್ಟಿದ್ದು?

ಪ್ರಸನ್ನಕುಮಾರನ ಪಾಲಿಗೆ ಬೇರೆ ರಬ್ಬರ್ ದೋಣಿ ಬಂತು. ಗಂಡ ಹೆಂಡತಿ ವಿದೇಶಿಯರ ಜೊತೆ ಕುಳಿತರು. ಎಲ್ಲರಿಗೂ ಹಡಗಿನವರು ಕೊಟ್ಟ ಹಳದಿ ಜಾಕೀಟು. ದಡ ಇನ್ನೇನು ಹತ್ತಿರವಾಯಿತು ಎನ್ನುವಾಗ ರುದ್ರಮುನಿಯ ಬಾಯಿ ತುಂಬಿತು. ನುಂಗುವಂತಿಲ್ಲ. ದಾವಣಗೆರೆ ಬಸ್ಸಿನ ಕಿಟಕಿಯಲ್ಲಿ ಪಳಗಿದ ಬಾಯಿ ಅದು, ಅಂಚಿಗೆ ಬಾಗಿ ಪಿಚಕ್ಕನೆ ಉಗುಳಿದ. ಆದರೆ ಅಲ್ಲಿಯ ಗಾಳಿಗೆ ನಮ್ಮ ಬಸ್ಸಿನ ಅಭ್ಯಾಸ ಇರಲಿಲ್ಲ. ಉಗುಳಿದ್ದಷ್ಟನ್ನೂ ತಿರುಗಿಸಿ ತಂದು ಅವನ ಮೀಸೆಗೆ, ಗಲ್ಲಕ್ಕೆ, ಹಳದಿ ಜಾಕೀಟಿನ ಎದೆಗೆ ಬಡಿಯಿತು.

ದೋಣಿ ನಡೆಸುತ್ತಿದ್ದ ಹುಡುಗಿ ಚೀರಿದಳು. ಬಾಯಿಂದ ಕೆಂಪಗೆ ಸುರಿಸುತ್ತಿರುವ ಮುದುಕನನ್ನು ಆಕೆ ಹಿಂದೆಂದೂ ಕಂಡಿರಲಿಲ್ಲ. ರುದ್ರಮುನಿ ‘ಅಡಿಕೆ’ ಎನ್ನಲು ಬಾಯಿ ತೆರೆದ, ಇನ್ನಷ್ಟು ಸುರಿಯಿತು. ಹುಡುಗಿ ರೇಡಿಯೊದಲ್ಲಿ ಡಾಕ್ಟರನ್ನು ಕೂಗುತ್ತಲೇ ಸಿದ್ದಲಿಂಗಮ್ಮನ ಕಡೆ ತಿರುಗಿ, “ಬ್ಲಡ್? ಬ್ಲಡ್?” ಎಂದು ಕೇಳಿದಳು.

ರುದ್ರಮುನಿ ಹೆಂಡತಿಯನ್ನೇ ನೋಡಿದ. ಸಿದ್ದಲಿಂಗಮ್ಮ ಅವನನ್ನು ನೋಡಿದಳು, ದಡವನ್ನು ನೋಡಿದಳು, ಏನೂ ಹೇಳಲಿಲ್ಲ. ಪಾಪ, ಗಾಬರಿಬಿದ್ದಿದ್ದಾಳೆ ಎಂದುಕೊಂಡ.

ದೋಣಿಯ ಮೂತಿ ದಡಕ್ಕೆ ತಾಗಿತು. ಜೊತೆಯಲ್ಲಿದ್ದ ವಿದೇಶಿಯರು ಇಳಿದರು. ರುದ್ರಮುನಿಯೂ ಒಂದು ಕಾಲೆತ್ತಿದ. ಇನ್ನೊಂದು ಗೇಣು ಇಳಿಸಿದ್ದರೆ ಫ್ಲೆಕ್ಸ್ ನಿಜವಾಗುತ್ತಿತ್ತು. ಅಷ್ಟರಲ್ಲಿ ದಡದಲ್ಲಿದ್ದ ಹಡಗಿನ ಇಬ್ಬರು ದಾಂಡಿಗರು ಅವನನ್ನು ಹಿಡಿದು ದೋಣಿಯ ತಳದಲ್ಲಿ ಮಲಗಿಸಿ ಕಂಬಳಿ ಸುತ್ತಿದರು. ನೀವೂ ಇವರ ಜೊತೆ ಹಡಗಿಗೆ ಮರಳುತ್ತೀರಾ ಎಂದು ಹುಡುಗಿ ಸಿದ್ದಲಿಂಗಮ್ಮನಿಗೆ ಕೈಸನ್ನೆಯಲ್ಲಿ ಕೇಳಿದಳು. ಸಿದ್ದಲಿಂಗಮ್ಮ ಸೀರೆಯ ಮೇಲೆ ತೊಟ್ಟ ದೊಗಲೆ ಪ್ಯಾಂಟನ್ನು ಎತ್ತಿ ಹಿಡಿದು ದಡಕ್ಕೆ ಇಳಿದಳು. ದೋಣಿ ಹಿಂದಕ್ಕೆ ತಿರುಗಿತು. ಅಂಗಾತ ಮಲಗಿದ್ದ ರುದ್ರಮುನಿಗೆ ಕಂಡ ಅಂಟಾರ್ಕ್ಟಿಕಾ ಎಂದರೆ ಬರೀ ಆಕಾಶ.

ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಚಿಮಟದಿಂದ ಅಡಿಕೆ ಹೋಳು ಹೊರತೆಗೆದು ಸ್ಟೀಲ್ ತಟ್ಟೆಗೆ ಟಣ್ಣನೆ ಹಾಕಿದರು. ಪ್ರಸನ್ನಕುಮಾರ್ ಬಂದು ಅದು ರಕ್ತವಲ್ಲವೆಂದು ತಿಳಿಸಿ ಹೇಳುವ ಹೊತ್ತಿಗೆ ಗಾಳಿ ಎದ್ದು ದೋಣಿಗಳೆಲ್ಲ ವಾಪಸಾಗಿದ್ದವು. ಆ ಶುದ್ಧ ನೀರಿಗೆ ಉಗುಳಲು ಹೋದದ್ದಕ್ಕೆ ಹಡಗಿನ ಮುಖಂಡನಿಂದ ಬೈಗುಳವೂ ಆಯಿತು. ಸಿದ್ದಲಿಂಗಮ್ಮ ಕೋಣೆಗೆ ಬಂದಾಗ ಅವಳ ಮುಖದಲ್ಲಿ ಅವನೆಂದೂ ಕಾಣದ ಕಳೆಯಿತ್ತು.

“ಹೆಂಗಿತ್ತೇ?”

“ಚೆನ್ನಾಗಿತ್ತು,” ಎಂದಳು, ಅಷ್ಟೇ.

ಊರು ಬರುವುದರೊಳಗೆ ರುದ್ರಮುನಿ ಲೆಕ್ಕ ಸರಿಮಾಡಿಕೊಂಡಿದ್ದ. ದೋಣಿ ನೆಲ ಮುಟ್ಟಿದೆ, ದೋಣಿಯಲ್ಲಿ ತಾನಿದ್ದೆ, ಅಂದಮೇಲೆ ತಾನೂ ಮುಟ್ಟಿದಂತೆಯೇ. ಸನ್ಮಾನದ ದಿನ ವೇದಿಕೆಯ ಮೇಲೆ ಪೇಟ, ಶಾಲು, ಹಾರ ಹಾಕಿಸಿಕೊಂಡು ಮೈಕ್ ಹಿಡಿದ. “ಕಾಲಿಟ್ಟೆ ನೋಡ್ರಿ, ಮೊಣಕಾಲ ತನಕ ಹೂತೋಯ್ತು!”

ಮೊದಲ ಸಾಲಿನಲ್ಲಿದ್ದ ಮಹೇಶ್ವರಪ್ಪ ಎದ್ದು ನಿಂತ. “ಬೀಗರೇ, ಒಂದು ಫೋಟೊ ತೋರಿಸ್ರೀ.”

“ಚಳಿಗೆ ಕೈ ಮರಗಟ್ಟಿತ್ರೀ, ತೆಗೆಯಾಕೆ ಆಗ್ಲಿಲ್ಲ.”

“ಹಂಗಾದ್ರೆ ಅಕ್ಕಾರೇ, ನೀವಾದ್ರೂ ಹೇಳ್ರಿ.”

ದೊಡ್ಡಣ್ಣ ಮೈಕನ್ನು ವೇದಿಕೆಯಲ್ಲಿ ಗಂಡನ ಪಕ್ಕದಲ್ಲಿದ್ದ ಸಿದ್ದಲಿಂಗಮ್ಮನ ಕೈಗೆ ಕೊಟ್ಟ. ಆಕೆ ಸೆರಗು ಸರಿಮಾಡಿಕೊಂಡು, “ಇವರು ಇಳೀಲಿಲ್ರೀ. ಅಡಿಕೆ ಉಗುಳಿದ್ದನ್ನ ರಕ್ತ ಅಂದ್ಕೊಂಡು ಬೋಟಿನಾಗೆ ಮಲಗಿಸಿಬಿಟ್ರು. ಇಳಿದೋಳು ನಾನು,” ಎಂದಳು.

ಹಾಲ್ ಬಿದ್ದು ಬಿದ್ದು ನಕ್ಕಿತು, ಎಲ್ಲರಿಗಿಂತ ಜೋರಾಗಿ ಮಹೇಶ್ವರಪ್ಪ. ರುದ್ರಮುನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹೆಂಡತಿಯ ಕಡೆ ಬಾಗಿ ಹಲ್ಲು ಕಡಿದ. “ಅವತ್ತು ಆ ಹುಡುಗಿ ಕೇಳಿದಾಗ ರಕ್ತ ಅಲ್ಲ ಅನ್ನಾಕೆ ಬರ್ಲಿಲ್ಲ. ಇವತ್ತು ಎಲ್ಲಿಂದ ಬಂತೇ ಬಾಯಿ?”

“ಅವತ್ತೂ ಬರ್ತಿತ್ತು ಕಣ್ರೀ,” ಎಂದಳು ಸಿದ್ದಲಿಂಗಮ್ಮ, ಮೈಕ್ ಕೆಳಗಿಡದೆ. “ಹೇಳಿದ್ರೆ ನೀವೂ ಇಳೀತಿದ್ರಿ. ಇಳಿದು ಅಲ್ಲೂ ಮಾತಾಡ್ತಿದ್ರಿ. ಮದುವೆ ಆದಾಗಿಂದ ನಿಮ್ಮ ದನಿ ಇಲ್ಲದ ಒಂದು ಜಾಗನೂ ನಾನು ನೋಡಿರ್ಲಿಲ್ಲ. ಅದೊಂದು ಜಾಗ ನೋಡಾನ ಅಂತ ಸುಮ್ಮನಾದೆ.”